ಗುಜರಿಯ ಆಕ್ಸಲ್ ಮತ್ತು ಗೇರ್ ಬಾಕ್ಸಿನ ಮುಚ್ಚಳ

ಪ್ರಶ್ನೆ: ನನ್ನಲ್ಲಿ ಟೂ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್ ಇದೆ. ಮಳೆಗಾಲದಲ್ಲಿ ತೋಟದ ಏರು ಹತ್ತುವಾಗ ಹಿಂದಿನ ಗಾಲಿ ನಿಂತಲ್ಲೇ ತಿರುಗುತ್ತದೆ. ಗುಜರಿಯಲ್ಲಿ ಬೇರೆ ಕಂಪನಿಯ ಫೋರ್ ವೀಲ್ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ಸಿಗುತ್ತಿದೆ. ನನ್ನದಕ್ಕೆ ಕೂರಿಸಬಹುದೇ?
(ಅಡಿಕೆ ಬೆಳೆಗಾರರೊಬ್ಬರು, ತೀರ್ಥಹಳ್ಳಿ)

ಉತ್ತರ: ಮುಂಗಡ ಕೊಟ್ಟಿಲ್ಲ ತಾನೆ? ಕೊಡುವ ಮೊದಲು ಒಂದು ಗೋಣಿಚೀಲ ಹಾಸಿ, ನಿಮ್ಮ ಟ್ರ್ಯಾಕ್ಟರಿನ ಅಡಿ ಮಲಗಿ ನೋಡಿ. ಮುಂದಿನ ಗಾಲಿಗೆ ಹೋಗುವ ಬಲ ಹೊರಡುವುದು ಗೇರ್ ಬಾಕ್ಸಿನಿಂದ. ಅಲ್ಲಿ ಬಲವನ್ನು ಕವಲೊಡೆಸುವ ಗೇರು, ಅದನ್ನು ಕೂಡಿಸಿ ಬಿಡಿಸುವ ಲಿವರ್, ಹೊಟ್ಟೆಯಡಿ ಮುಂದಕ್ಕೆ ಹಾಯುವ ಷಾಫ್ಟ್ ಇಲ್ಲದಿದ್ದರೆ ನೀವು ತಂದ ಆಕ್ಸಲ್ ಬರೀ ಕಬ್ಬಿಣದ ಭಾರ.

ಕೆಲವು ಮಾದರಿಗಳು ಎರಡೂ ಬಗೆಯಲ್ಲಿ ಬಂದಿವೆ. ಕುಬೋಟಾದ ಹಳೆಯ ಎಲ್245 ಟೂ ವೀಲ್ ಆದರೆ ಎಲ್245ಡಿಟಿ ಫೋರ್ ವೀಲ್. ಯಾನ್ಮಾರ್‌ನ ವೈಎಂ1500ಕ್ಕೆ ವೈಎಂ1500ಡಿ ಹಾಗೇ ಜೋಡಿ. ಇಂಥವುಗಳಲ್ಲಿ ಗೇರ್ ಬಾಕ್ಸಿನ ಹೊರಕವಚ ಒಂದೇ ಆಗಿದ್ದು, ಟೂ ವೀಲ್‌ನಲ್ಲಿ ಆ ಷಾಫ್ಟ್ ಹೊರಡುವ ಕಿಂಡಿಗೆ ಮುಚ್ಚಳ ಬಿಗಿದಿರುವುದುಂಟು. ನಿಮ್ಮದರಲ್ಲೂ ಆ ಮುಚ್ಚಳವಿದ್ದು, ಅದೇ ಮಾದರಿಯ ಫೋರ್ ವೀಲ್ ಗಾಡಿ ಇಡಿಯಾಗಿ ಗುಜರಿಗೆ ಬಂದರೆ ಕೆಲಸ ಆದೀತು. ಆಗಲೂ ಗೇರಿನಿಂದ ಹಿಡಿದು ಆಕ್ಸಲ್ ಹೊರುವ ಎರಕದ ಚೌಕಟ್ಟು, ಸ್ಟೀರಿಂಗ್ ರಾಡ್, ರಿಮ್ಮು, ಟೈರಿನವರೆಗೆ ಎಲ್ಲವನ್ನೂ ಆ ಒಂದೇ ಗಾಡಿಯಿಂದ ಬಿಚ್ಚಿ ತರಬೇಕು. ಮುಚ್ಚಳ ತೆಗೆದಾಗ ಒಳಗೆ ಬಲ ಕವಲೊಡೆಸುವ ಗೇರಿಗೆ ಜೊತೆಯಾಗುವ ಗೇರೇ ಇಲ್ಲವೆಂದಾದರೆ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಹೋಳು ಮಾಡಬೇಕಾದೀತು. ಆ ಕೂಲಿಯನ್ನೂ ಸೇರಿಸಿಕೊಳ್ಳಿ.

ಬೇರೆ ಕಂಪನಿಯ ಆಕ್ಸಲ್ ಅಂದಿರಿ. ಬೋಲ್ಟಿನ ತೂತುಗಳನ್ನು ಲೇತಿನವರು ಹೇಗೋ ಹೊಂದಿಸಿಯಾರು. ನನಗೆ ಹೆದರಿಕೆ ಸುತ್ತಿನ ಲೆಕ್ಕದ್ದು. ಹಿಂದಿನ ಗಾಲಿ ಒಂದು ಸುತ್ತಿಗೆ 280 ಸೆಂ.ಮೀ., ಚಿಕ್ಕದಾದ ಮುಂದಿನದು 175 ಸೆಂ.ಮೀ. ಸಾಗುತ್ತದೆ ಎನ್ನಿ. ಹಿಂದಿನದು ಒಂದು ಸುತ್ತು ತಿರುಗುವಷ್ಟರಲ್ಲಿ ಗೇರುಗಳು ಮುಂದಿನದನ್ನು 1.64 ಸುತ್ತು ತಿರುಗಿಸಿದರೆ ಅದು 287 ಸೆಂ.ಮೀ. ಹೋಗಲು ನೋಡುತ್ತದೆ, ಅಂದರೆ ಶೇ. 2.5 ಮುಂದು. ಶೇ. 1ರಿಂದ 5ರವರೆಗಿನ ಈ ಮುನ್ನಡೆಯನ್ನು ಬೇಕೆಂದೇ ಇಟ್ಟಿರುತ್ತಾರೆ. ಮುಂದಿನ ಗಾಲಿ ಎಳೆಯುವುದು ಅದರಿಂದ. ಅದೇ ಗೇರಿಗೆ 165 ಸೆಂ.ಮೀ. ಟೈರು ಹಾಕಿ ನೋಡಿ: ಸಾಗುವುದು 271ಕ್ಕೂ ಕಡಿಮೆ. ಎಳೆಯಬೇಕಾದ ಗಾಲಿಯೇ ಬ್ರೇಕ್ ಹಿಡಿದಂತೆ. 190 ಸೆಂ.ಮೀ.ನದಾದರೆ ಶೇ. 11 ಮುಂದೋಡುವ ಹಟ. ಕೆಸರಿನಲ್ಲಿ ಜಾರಿ ಸರಿದೂಗುತ್ತದೆ, ಟಾರು ರಸ್ತೆಯಲ್ಲಿ ಜಾರಲು ಎಡೆಯಿಲ್ಲ. ಮೊದಲು ಟೈರು ಸವೆಯುತ್ತದೆ, ಆಮೇಲೆ ಗೇರಿನ ಹಲ್ಲು. ಕಂಪನಿಯಿಂದಲೇ ಬಂದ ಫೋರ್ ವೀಲ್ ಗಾಡಿಯನ್ನೂ ಗಟ್ಟಿ ರಸ್ತೆಗೆ ಬಂದಾಗ ಟೂ ವೀಲ್‌ಗೆ ಹಾಕಿ ಓಡಿಸುವುದು ಇದಕ್ಕೇ.

ಕಾಗದಪತ್ರದ ತೊಡಕೂ ಇದೆ. ಆರ್‌ಸಿಯಲ್ಲಿರುವ, ತಯಾರಕರು ಕೊಟ್ಟ ವಿವರಕ್ಕೆ ತಾಳೆಯಾಗದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ.

ನಾನಾಗಿದ್ದರೆ ಆಕ್ಸಲ್ ಬಿಟ್ಟು ಹಿಂದಿನ ಟೈರು ನೋಡುತ್ತಿದ್ದೆ. ಗುಬ್ಬು ಸವೆದಿದ್ದರೆ ಬದಲಿಸಿ. ಟ್ಯೂಬಿಗೆ ಮುಕ್ಕಾಲು ಪಾಲು ನೀರು ತುಂಬಿಸಿ, ಗಾಲಿಗೆ ಎರಕದ ತೂಕ ಕಟ್ಟಿಸಿ. ಡಿಫ್ ಲಾಕ್ ಇದ್ದರೆ ಜಾರುವ ಜಾಗ ಬರುವ ಮೊದಲೇ ನೇರ ದಾರಿಯಲ್ಲಿ ತುಳಿಯಿರಿ. ಗಾಲಿ ಗಿರಗಿರ ತಿರುಗುವಾಗ ತುಳಿದು ಗೇರು ಮುರಿದುಕೊಂಡವರಿದ್ದಾರೆ. ಟ್ರೇಲರ್ ಎಳೆಯುವಾಗ ಮೂತಿ ಹಗುರಾದರೆ ಮುಂದೆಯೂ ತೂಕ ಬೇಕು.

ಇಷ್ಟಾದರೂ ಏರು ಹತ್ತದಿದ್ದರೆ ಇದನ್ನು ಮಾರಿ, ಕುಬೋಟಾ ನಿಯೋಸ್ಟಾರ್ ಬಿ2441, ಮಹೀಂದ್ರಾ ಜೀವೋ 245ರಂಥ 24 ಎಚ್‌ಪಿಯ ಫೋರ್ ವೀಲ್ ಗಾಡಿಯತ್ತ ನೋಡಿ. ನಿಮ್ಮ ಕಡೆಯ ಇಳಿಜಾರಿಗೆ ಅದರಿಂದ ಇನ್ನೊಂದು ಲಾಭ: ಸಣ್ಣ ಟ್ರ್ಯಾಕ್ಟರುಗಳಿಗೆ ಸಾಮಾನ್ಯವಾಗಿ ಬ್ರೇಕ್ ಹಿಂದಿನ ಗಾಲಿಗಷ್ಟೇ, ಫೋರ್ ವೀಲ್ ಹಾಕಿ ಇಳಿದರೆ ನಾಲ್ಕೂ ಗಾಲಿ ಹಿಡಿಯುತ್ತವೆ. ಅಡ್ಡಕ್ಕೆ ಮಗುಚುವುದನ್ನು ಮಾತ್ರ ಅದೂ ತಡೆಯದು.

ಅಡಿಯಲ್ಲಿ ಮುಚ್ಚಳ ಕಂಡರೆ ಅದರ ಫೋಟೊ, ಮಾದರಿ ಸಂಖ್ಯೆ, ಹಿಂದಿನ ಟೈರಿನ ಅಳತೆ ಕಳಿಸಿ. ಲೆಕ್ಕ ಹಾಕಿ ನೋಡೋಣ.