ಬಿಸಿಲು ನಾಡಿನಲ್ಲಿ ತತ್ತಿಯ ಕಾವು

ಕೋಳಿಯನ್ನು ಕಾಣದ ಹಳ್ಳಿ ನಮ್ಮ ನಾಡಿನಲ್ಲಿ ವಿರಳ. ಕೋಳಿಯ ತತ್ತಿಯು ಇಪ್ಪತ್ತೊಂದು ದಿನಗಳ ಕಾವಿನಿಂದ ಮರಿಯಾಗುತ್ತದೆಂಬುದೂ ಎಲ್ಲರಿಗೂ ತಿಳಿದ ಸಂಗತಿಯೇ. ದಕ್ಷಿಣದವರು ಮೊಟ್ಟೆಯೆಂದು ಕರೆಯುವುದನ್ನೇ ಉತ್ತರ ಕರ್ನಾಟಕದವರು ತತ್ತಿಯೆನ್ನುತ್ತಾರೆ. ಆದರೆ ಅದೇ ಕೋಳಿಯ ಹತ್ತು ತತ್ತಿಗಳನ್ನು ಕಾವಿಗಿಟ್ಟಾಗ ಒಮ್ಮೆ ಒಂಬತ್ತು ಮರಿಗಳು ಹೊರಬಂದರೆ, ಇನ್ನೊಮ್ಮೆ ಮೂರೇ ಮರಿಗಳು ಹೊರಬರುವುದೇಕೆ? ಉಳಿದ ಏಳು ತತ್ತಿಗಳು ಕೆಟ್ಟುಹೋದುದಕ್ಕೆ ಕಾರಣವೇನು? ಹಿತ್ತಿಲಿನಲ್ಲಿ ಮೊದಲ ಬಾರಿಗೆ ಕೋಳಿ ಸಾಕಲು ಹೊರಟ ವಿದ್ಯಾರ್ಥಿಯು ಇದಕ್ಕೆ ಉತ್ತರವನ್ನು ಅದೃಷ್ಟದಲ್ಲಿ ಹುಡುಕುವುದಕ್ಕಿಂತ ಉಷ್ಣಮಾಪಕದಲ್ಲಿ ಹುಡುಕುವುದು ಲೇಸು.

ಕೋಳಿ ಸಾಕಣೆಯನ್ನು ಕುರಿತ ಅನೇಕ ಗ್ರಂಥಗಳು ಚಳಿಯ ದೇಶಗಳ ಅನುಭವವನ್ನು ಆಧರಿಸಿ ಬರೆದಂಥವು. ತತ್ತಿಯನ್ನೂ ಮರಿಯನ್ನೂ ಬೆಚ್ಚಗಿಡುವುದು ಹೇಗೆಂಬುದೇ ಅವುಗಳ ಮುಖ್ಯ ಚಿಂತೆ. ಬಾಗಲಕೋಟೆ ಜಿಲ್ಲೆಯ ಬಾದಾಮಿ ತಾಲ್ಲೂಕಿನಲ್ಲಿರುವ ಕೆರೂರಿನಂತಹ ಊರನ್ನು ತೆಗೆದುಕೊಂಡರೆ ಸಮಸ್ಯೆಯ ಸ್ವರೂಪವೇ ಬೇರೆ. ಇದು ಮಳೆ ಕಡಿಮೆಯಿರುವ, ಜೋಳ ಸಜ್ಜೆಗಳನ್ನು ಬೆಳೆಯುವ ಒಣ ಬಯಲು. ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗಾಳಿಯ ಉಷ್ಣತೆ ೩೮ರಿಂದ ೪೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಏರುವುದು ಇಲ್ಲಿ ಹೊಸತಲ್ಲ. ತತ್ತಿಗೆ ಬೇಕಾದ ಕಾವಾದರೋ ೩೭.೫ ಡಿಗ್ರಿ ಮಾತ್ರ! ಆದ್ದರಿಂದ ಇಲ್ಲಿನ ಸಾಕಣೆದಾರನು ಕಲಿಯಬೇಕಾದ ಮೊದಲ ಪಾಠವು ಕಾವು ಕೊಡುವುದಲ್ಲ; ಹೆಚ್ಚಿನ ಕಾವನ್ನು ತಡೆಯುವುದು.

ತತ್ತಿಯೊಳಗಿನ ಜೀವ

ಹುಂಜದ ಸಂಪರ್ಕವಿದ್ದ ಹೇಂಟೆಯಿಟ್ಟ ತತ್ತಿಯು ನಿರ್ಜೀವ ವಸ್ತುವಲ್ಲ. ಅದು ಕೋಳಿಯ ಒಡಲಿನಲ್ಲಿರುವಾಗಲೇ ಸುಮಾರು ಒಂದು ದಿನದ ಬೆಳವಣಿಗೆ ನಡೆದಿರುತ್ತದೆ. ಹಳದಿಯ ಮೇಲೆ ಕಾಣುವ ಸಣ್ಣ ಬಿಳಿಯ ಚುಕ್ಕೆಯಲ್ಲಿ ಸಾವಿರಾರು ಜೀವಕೋಶಗಳಿರುತ್ತವೆ. ತತ್ತಿ ಹೊರಬಂದು ತಣ್ಣಗಾದೊಡನೆ ಈ ಬೆಳವಣಿಗೆ ನಿಲ್ಲುತ್ತದೆ. ಉಷ್ಣತೆಯು ೨೦ ಡಿಗ್ರಿಗಿಂತ ಕೆಳಗಿರುವಷ್ಟು ಕಾಲ ಭ್ರೂಣವು ಒಂದು ಬಗೆಯ ನಿದ್ರೆಯಲ್ಲಿರುತ್ತದೆ. ಕೋಳಿಯು ದಿನಕ್ಕೊಂದರಂತೆ, ಕೆಲವೊಮ್ಮೆ ದಿನ ಬಿಟ್ಟು ಇಟ್ಟ ಹತ್ತು ಹನ್ನೆರಡು ತತ್ತಿಗಳು ಒಂದೇ ದಿನ ಒಡೆದು ಮರಿಯಾಗುವುದರ ರಹಸ್ಯ ಇದೇ. ಎಲ್ಲವೂ ಕಾವು ಆರಂಭವಾದ ದಿನವೇ ಒಟ್ಟಿಗೆ ಎಚ್ಚರಗೊಳ್ಳುತ್ತವೆ.

ಆದರೆ ಬೇಸಗೆಯಲ್ಲಿ ಅಡುಗೆಮನೆಯ ಮಾಡಿನಲ್ಲಿಟ್ಟ ತತ್ತಿಯ ಗತಿಯೇನು? ಅಲ್ಲಿ ೩೦ರಿಂದ ೩೫ ಡಿಗ್ರಿ ಉಷ್ಣತೆಯಿದ್ದರೆ ಭ್ರೂಣಕ್ಕೆ ಪೂರ್ಣ ನಿದ್ರೆಯೂ ಇಲ್ಲ, ಪೂರ್ಣ ಎಚ್ಚರವೂ ಇಲ್ಲ. ಅದು ಕ್ರಮಗೆಟ್ಟು ಬೆಳೆಯತೊಡಗಿ, ಬಲಗುಂದಿ, ಕೋಳಿಯ ಕೆಳಗೆ ಇಡುವ ಮೊದಲೇ ಅಥವಾ ಇಟ್ಟ ಕೆಲವು ದಿನಗಳಲ್ಲಿ ಸಾಯುತ್ತದೆ. ಹೊರಗಿನಿಂದ ನೋಡಿದವರಿಗೆ ತತ್ತಿಯಲ್ಲಿ ಯಾವ ದೋಷವೂ ಕಾಣುವುದಿಲ್ಲ. ‘ಕೋಳಿ ಸರಿಯಾಗಿ ಕಾವು ಕೊಡಲಿಲ್ಲ’ ಎಂದು ತಪ್ಪನ್ನು ಹೇಂಟೆಯ ಮೇಲೆ ಹೊರಿಸುವುದುಂಟು. ನಿಜವಾದ ಅಪರಾಧಿಯು ತತ್ತಿಯನ್ನು ಕೂಡಿಟ್ಟ ಸ್ಥಳ.

ತತ್ತಿಯ ಸಂಗ್ರಹ

ಇದಕ್ಕೆ ಪರಿಹಾರವು ನಮ್ಮ ಮನೆಯಲ್ಲಿಯೇ ಇದೆ. ಮಣ್ಣಿನ ಗಡಿಗೆಯ ನೀರು ತಂಪಾಗಿರುವುದೇಕೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಗಡಿಗೆಯ ಸೂಕ್ಷ್ಮರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ಆವಿಯಾಗುವ ವೇಗ ಹೆಚ್ಚು. ಆದುದರಿಂದ ಕೆರೂರಿನ ಒಣಹವೆಯಲ್ಲಿ ಈ ಉಪಾಯವು ಕರಾವಳಿಯಲ್ಲಿಗಿಂತ ಚೆನ್ನಾಗಿ ಫಲಿಸುತ್ತದೆ. ಅಗಲ ಬಾಯಿಯ ಮಣ್ಣಿನ ಪಾತ್ರೆಯೊಂದನ್ನು ನೆರಳಿನಲ್ಲಿ, ಒದ್ದೆ ಮರಳಿನೊಳಗೆ ಅರ್ಧದಷ್ಟು ಹುಗಿದಿಡಬೇಕು. ಪಾತ್ರೆಯ ಒಳಗೆ ಒಣಹುಲ್ಲನ್ನು ಹಾಸಿ, ತತ್ತಿಯ ದಪ್ಪ ತುದಿ ಮೇಲಾಗುವಂತೆ ಜೋಡಿಸಿ, ತೆಳುಬಟ್ಟೆಯನ್ನು ಮುಚ್ಚಬೇಕು. ಮರಳಿಗೆ ದಿನವೂ ನೀರು ಚಿಮುಕಿಸಬೇಕು. ತತ್ತಿಗೆ ಮಾತ್ರ ನೀರು ತಾಗಕೂಡದು. ಹೀಗಿಟ್ಟರೂ ಏಳು ದಿನಕ್ಕಿಂತ ಹಳೆಯದಾದ ತತ್ತಿಯನ್ನು ಕಾವಿಗೆ ಬಳಸದಿರುವುದು ಒಳ್ಳೆಯದು. ತತ್ತಿಯನ್ನು ತೊಳೆಯುವುದೂ ಸಲ್ಲದು. ಅದರ ಮೇಲಿರುವ ತೆಳುವಾದ ಲೇಪವು ರೋಗಾಣುಗಳನ್ನು ತಡೆಯುವ ಸಹಜ ಕವಚ.

ತತ್ತಿಯ ಆಯ್ಕೆಯಲ್ಲಿಯೂ ವಿವೇಕ ಬೇಕು. ಅಂಗಡಿಯಲ್ಲಿ ಮಾರುವ ದೊಡ್ಡ ಸಾಕಣೆಕೇಂದ್ರಗಳ ತತ್ತಿಗಳಲ್ಲಿ ಭ್ರೂಣವಿರುವುದಿಲ್ಲ; ಅಲ್ಲಿ ಹೇಂಟೆಗಳ ಜೊತೆ ಹುಂಜಗಳನ್ನು ಬಿಡುವುದಿಲ್ಲ. ಎಂಟು ಹತ್ತು ಹೇಂಟೆಗಳಿಗೆ ಒಂದು ಆರೋಗ್ಯವಂತ ಹುಂಜವಿರುವ ಹಿಂಡಿನಿಂದ ತತ್ತಿಯನ್ನು ತರಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ಮುಂತಾದ ತಳಿಗಳು ಹಿತ್ತಿಲಿಗೆ ಒಗ್ಗುವಂಥವು. ನಾಟಿ ಕೋಳಿಗಿಂತ ಹೆಚ್ಚು ತತ್ತಿಯಿಡುವಂಥವು. ಆದರೆ ಅವು ಮಿಶ್ರತಳಿಗಳಾದ್ದರಿಂದ ಅವುಗಳ ಗುಣವು ಮುಂದಿನ ಪೀಳಿಗೆಯಲ್ಲಿ ಹಾಗೆಯೇ ಉಳಿಯುವುದಿಲ್ಲ. ಅವು ಕಾವಿಗೆ ಕೂಡುವುದೂ ಅಪರೂಪ. ಹೆಚ್ಚು ತತ್ತಿ ಬೇಕೆಂದು ಮನುಷ್ಯನು ಆರಿಸುತ್ತ ಬಂದ ತಳಿಗಳಲ್ಲಿ ಕಾವಿನ ಹಂಬಲವೇ ಕುಗ್ಗಿದೆ. ಮರಿಮಾಡಬೇಕಾದರೆ ನಮ್ಮ ನಾಟಿ ಹೇಂಟೆಗೆ ಸಮನಾದ ಯಂತ್ರ ಇನ್ನೊಂದಿಲ್ಲ.

ಕಾವಿನ ದಿನಗಳು

ಕಾವಿಗೆ ಬಂದ ಹೇಂಟೆಯ ಎದೆಯಡಿಯಲ್ಲಿ ಪುಕ್ಕ ಉದುರಿ, ರಕ್ತನಾಳಗಳಿಂದ ತುಂಬಿದ ಬೆಚ್ಚನೆಯ ಚರ್ಮ ಹೊರಗಾಣುತ್ತದೆ. ಅದು ತತ್ತಿಗಳನ್ನು ಈ ಚರ್ಮಕ್ಕೆ ತಾಗಿಸಿಕೊಂಡು ಕೂಡುತ್ತದೆ. ಕೊಕ್ಕಿನಿಂದ ಆಗಾಗ ಹೊರಳಿಸುತ್ತದೆ. ಹೊರಳಿಸದಿದ್ದರೆ ಭ್ರೂಣವು ತತ್ತಿಯ ಒಳಪೊರೆಗೆ ಅಂಟಿಕೊಂಡು ಸಾಯುವುದು. ಒಂದು ನಾಟಿ ಹೇಂಟೆಗೆ ಎಂಟರಿಂದ ಹನ್ನೆರಡು ತತ್ತಿಗಳು ಸಾಕು. ಅದರ ರೆಕ್ಕೆಯಿಂದ ಹೊರಗುಳಿದ ತತ್ತಿಯು ಇತರ ತತ್ತಿಗಳ ಪಾಲಿನ ಕಾವನ್ನೂ ಕೆಡಿಸುತ್ತದೆ.

ಕಾವಿನ ಬುಟ್ಟಿಯನ್ನು ತಗಡಿನ ಮಾಡಿನ ಕೆಳಗೆ ಇಡಬಾರದು. ಮಣ್ಣಿನ ಮಾಳಿಗೆಯ ಮನೆಯ ಒಳಮೂಲೆಯೇ ಪ್ರಶಸ್ತ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುವುದೊಂದೇ ಅದಕ್ಕೆ ಮೈ ತಂಪು ಮಾಡಿಕೊಳ್ಳುವ ಮುಖ್ಯ ಉಪಾಯ. ಸೆಕೆ ಮಿತಿಮೀರಿದರೆ ಅದು ತತ್ತಿಗಳನ್ನು ಬಿಟ್ಟೇಳುತ್ತದೆ. ಕೈಗೆಟಕುವಷ್ಟು ಹತ್ತಿರದಲ್ಲಿ ನೀರು ಮತ್ತು ಕಾಳು ಇದ್ದರೆ ಬೇಗ ಮರಳುತ್ತದೆ.

ಕಾವಿನಷ್ಟೇ ಮುಖ್ಯವಾದುದು ತೇವ. ತತ್ತಿಯ ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮರಂಧ್ರಗಳಿವೆ. ಸುಮಾರು ೬೦ ಗ್ರಾಂ ತೂಕದ ತತ್ತಿಯೊಳಗಿನ ಭ್ರೂಣವು ಇಪ್ಪತ್ತೊಂದು ದಿನಗಳಲ್ಲಿ ಈ ರಂಧ್ರಗಳ ಮೂಲಕ ಸುಮಾರು ೬ ಲೀಟರು ಆಮ್ಲಜನಕವನ್ನು ಒಳಗೆಳೆದುಕೊಳ್ಳುತ್ತದೆ. ಅದೇ ದಾರಿಯಿಂದ ನೀರಿನ ಆವಿ ಹೊರಗೆ ಹೋಗುತ್ತದೆ. ಹೀಗೆ ಹದಿನೆಂಟು ದಿನಗಳಲ್ಲಿ ತತ್ತಿಯ ತೂಕವು ನೂರಕ್ಕೆ ೧೨ರಷ್ಟು ಇಳಿಯುವುದು ಸರಿಯಾದ ಪ್ರಮಾಣ. ಒಣಗಾಳಿಯಲ್ಲಿ ಇದಕ್ಕಿಂತ ಹೆಚ್ಚು ನೀರು ಹಾರಿಹೋದರೆ ಒಳಪೊರೆಯು ಚಿವುಟಿದ ಚರ್ಮದಂತೆ ಗಟ್ಟಿಯಾಗಿ, ಮರಿಯು ಅದನ್ನು ಹರಿಯಲಾರದೆ ಸೋಲುತ್ತದೆ. ಬುಟ್ಟಿಯ ಸುತ್ತಲಿನ ನೆಲಕ್ಕೆ ನೀರು ಚಿಮುಕಿಸುವ ರೂಢಿಗೆ ಆಧಾರ ಇದೇ.

ಏಳನೆಯ ದಿನ ರಾತ್ರಿ ಕತ್ತಲೆಯಲ್ಲಿ, ತತ್ತಿಯ ದಪ್ಪ ತುದಿಗೆ ಬ್ಯಾಟರಿಯ ಬೆಳಕನ್ನು ಹಿಡಿದು ನೋಡಬೇಕು. ಜೇಡದ ಕಾಲುಗಳಂತೆ ಹರಡಿದ ಕೆಂಪು ನಾಳಗಳು ಕಂಡರೆ ಜೀವವಿದೆಯೆಂದು ತಿಳಿಯಬೇಕು. ಏನೂ ಕಾಣದೆ ತಿಳಿಯಾಗಿ ಹೊಳೆಯುವ ತತ್ತಿಯನ್ನು ತೆಗೆದುಬಿಡಬೇಕು. ಸುಮಾರು ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಗ್ರೀಸಿನ ಅರಿಸ್ಟಾಟಲನು ಕಾವಿನ ತತ್ತಿಗಳೊಳಗಿನ ಬೆಳವಣಿಗೆಯನ್ನು ದಿನವಾರು ಪರಿಶೀಲಿಸಿ, ಮೂರು ದಿನಗಳಾದ ಮೇಲೆ ಹೃದಯವು ಮಿಡಿಯುವ ರಕ್ತಬಿಂದುವಿನಂತೆ ಕಾಣುವುದನ್ನು ವರ್ಣಿಸಿದ್ದಾನೆ. ಪ್ರಾಚೀನ ಕಾಲದಿಂದಲೂ ಈಜಿಪ್ಟಿನವರು ಮಣ್ಣಿನ ಇಟ್ಟಿಗೆಯ ದೊಡ್ಡ ಒಲೆಗಳಲ್ಲಿ ಸಾವಿರಾರು ಮರಿಗಳನ್ನು ಮಾಡಿಸುತ್ತಿದ್ದರು. ಉಷ್ಣಮಾಪಕವಿಲ್ಲದ ಆ ಕೆಲಸಗಾರರು ತತ್ತಿಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಕಾವಿನ ಹದವನ್ನು ಅರಿಯುತ್ತಿದ್ದರು.

ಮರಿ ಹೊರಬರುವಾಗ

ಹದಿನೆಂಟನೆಯ ದಿನದ ಬಳಿಕ ತತ್ತಿಗಳನ್ನು ಮುಟ್ಟಬಾರದು. ಮರಿಯು ಮೊದಲು ದಪ್ಪ ತುದಿಯಲ್ಲಿರುವ ಗಾಳಿಯ ಕೋಣೆಗೆ ಕೊಕ್ಕನ್ನು ತೂರಿಸಿ ಉಸಿರಾಟವನ್ನು ಆರಂಭಿಸುತ್ತದೆ. ಅನಂತರ ಕೊಕ್ಕಿನ ತುದಿಯ ಸಣ್ಣ ಮುಳ್ಳಿನಿಂದ ಚಿಪ್ಪನ್ನು ಒಡೆಯುತ್ತದೆ. ಮೊದಲ ಬಿರುಕು ಕಂಡ ಮೇಲೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳವರೆಗೆ ಹೆಚ್ಚಿನ ಚಲನೆ ಕಾಣದಿರಬಹುದು. ಹೊಸಬರು ಈ ಹೊತ್ತಿನಲ್ಲಿ ಕರುಣೆಯಿಂದ ಚಿಪ್ಪನ್ನು ಸುಲಿಯಲು ಹೋಗುತ್ತಾರೆ. ಆ ಕರುಣೆಯೇ ಮರಿಗೆ ಮೃತ್ಯುವಾಗುವುದುಂಟು. ಏಕೆಂದರೆ ಆ ವೇಳೆಯಲ್ಲಿ ಪೊರೆಯ ರಕ್ತವು ಮರಿಯ ಮೈಗೆ ಹಿಂತಿರುಗುತ್ತಿರುತ್ತದೆ; ಉಳಿದ ಹಳದಿಯು ಹೊಟ್ಟೆಯೊಳಕ್ಕೆ ಸೇರುತ್ತಿರುತ್ತದೆ. ಈ ಹಳದಿಯ ಬಲದಿಂದಲೇ ಹುಟ್ಟಿದ ಮರಿಯು ಎರಡು ದಿನ ಆಹಾರವಿಲ್ಲದೆಯೂ ಬದುಕಬಲ್ಲದು. ಒಂದು ದಿನದ ಮರಿಗಳನ್ನು ದೂರದೂರಿಗೆ ಸಾಗಿಸಲು ಸಾಧ್ಯವಾಗುವುದೂ ಇದರಿಂದಲೇ.

ಮರಿಗಳ ಪಾಲನೆ

ತಾಯಿಯಿದ್ದರೆ ಮರಿಗಳ ಕಾವಿನ ಚಿಂತೆ ಅದರದು. ತಾಯಿಯಿಲ್ಲದ ಮರಿಗಳಿಗೆ ಮೊದಲ ವಾರದಲ್ಲಿ ೩೫ ಡಿಗ್ರಿ ಉಷ್ಣತೆ ಬೇಕು. ಆಮೇಲೆ ವಾರಕ್ಕೆ ಸುಮಾರು ೩ ಡಿಗ್ರಿಯಂತೆ ಇಳಿಸುತ್ತ ಬರಬೇಕು. ಮರಿಯೊಂದಕ್ಕೆ ೨ ವ್ಯಾಟಿನ ಲೆಕ್ಕದಲ್ಲಿ ದೀಪವನ್ನು ತೂಗುಹಾಕುವುದು ವಾಡಿಕೆ. ಇದಕ್ಕೆ ತಂತಿ ಕಾಯುವ ಹಳೆಯ ಬಗೆಯ ಬಲ್ಬೇ ಆಗಬೇಕು. ಎಲ್‌ಇಡಿ ದೀಪವು ಬೆಳಕನ್ನು ಕೊಡುವುದೇ ಹೊರತು ಮರಿಗೆ ಸಾಲುವಷ್ಟು ಶಾಖವನ್ನು ಕೊಡಲಾರದು.

ಡಿಸೆಂಬರಿನ ರಾತ್ರಿಯಲ್ಲಿ ಕೆರೂರಿನ ಮರಿಗೆ ಈ ದೀಪ ಅವಶ್ಯಕ. ಏಪ್ರಿಲಿನ ಮಧ್ಯಾಹ್ನದಲ್ಲಿ ಅದೇ ದೀಪ ಮಾರಕ. ಆದುದರಿಂದ ದೀಪವನ್ನು ಉರಿಸುವ ಗಂಟೆಗಳನ್ನು ಪುಸ್ತಕ ನೋಡಿ ನಿರ್ಧರಿಸದೆ ಮರಿಗಳನ್ನು ನೋಡಿ ನಿರ್ಧರಿಸಬೇಕು. ಅವು ದೀಪದ ಕೆಳಗೆ ಒತ್ತೊತ್ತಾಗಿ ಗುಂಪುಗೂಡಿ ಕೂಗುತ್ತಿದ್ದರೆ ಚಳಿಯಾಗಿದೆ. ದೀಪದಿಂದ ದೂರ ಸರಿದು, ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದಿದ್ದರೆ ಸೆಕೆಯಾಗಿದೆ. ಒಂದೇ ಬದಿಗೆ ಸೇರಿದ್ದರೆ ಇನ್ನೊಂದು ಬದಿಯಿಂದ ಗಾಳಿ ಬೀಸುತ್ತಿದೆ. ಎಲ್ಲೆಡೆ ಹರಡಿ ತಿನ್ನುತ್ತ ಮಲಗುತ್ತ ಇದ್ದರೆ ಎಲ್ಲವೂ ಸರಿಯಾಗಿದೆ. ಮೊದಲ ಬಾರಿಗೆ ಮರಿಮಾಡುವವರು ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಿಂದ ಜನವರಿಯೊಳಗೆ ತತ್ತಿಯಿಡುವುದು ಕ್ಷೇಮ. ಚಳಿಗೆ ತಾಯಿಯ ರೆಕ್ಕೆಯಿದೆ. ಸೆಕೆಗೆ ಅಂಥ ಆಶ್ರಯವಿಲ್ಲ.

ಮರಿಗಳ ನೆಲಕ್ಕೆ ಪುಡಿಮಾಡಿದ ಶೇಂಗಾ ಸಿಪ್ಪೆ ಅಥವಾ ಭತ್ತದ ಹೊಟ್ಟನ್ನು ಹಾಸಬಹುದು. ಅದು ಒದ್ದೆಯಾದರೆ ರಕ್ತಭೇದಿ ಬರುತ್ತದೆ. ನೀರನ್ನು ಆಳವಿಲ್ಲದ ತಟ್ಟೆಯಲ್ಲಿಟ್ಟು, ಮರಿ ಮುಳುಗದಂತೆ ಹರಳುಕಲ್ಲುಗಳನ್ನು ಹಾಕಬೇಕು. ಹದ್ದು, ಕಾಗೆ, ಬೆಕ್ಕು, ಮುಂಗುಸಿಗಳಿಂದ ರಕ್ಷಿಸಲು ಮೊದಲ ಆರು ವಾರಗಳವರೆಗೆ ಬಲೆ ಮುಚ್ಚಿದ ಆವರಣ ಬೇಕು.

ಆಹಾರದ ಲೆಕ್ಕ

ಬೆಳೆಯುವ ಮರಿಯ ಆಹಾರದಲ್ಲಿ ನೂರಕ್ಕೆ ೨೦ರಷ್ಟು ಪ್ರೋಟೀನು ಇರಬೇಕು. ಜೋಳದಲ್ಲಿರುವುದು ಸುಮಾರು ೧೦ ಮಾತ್ರ. ಬರಿಯ ಜೋಳದ ನುಚ್ಚನ್ನು ತಿಂದ ಮರಿಯ ಹೊಟ್ಟೆ ತುಂಬುತ್ತದೆ, ಮೈ ಬೆಳೆಯುವುದಿಲ್ಲ. ಶೇಂಗಾ ಹಿಂಡಿಯಲ್ಲಿ ಸುಮಾರು ೪೦ರಷ್ಟು ಪ್ರೋಟೀನಿದೆ. ಎರಡು ಪಾಲು ಜೋಳಕ್ಕೆ ಒಂದು ಪಾಲು ಹಿಂಡಿಯನ್ನು ಬೆರೆಸಿದರೆ ೧೦, ೧೦, ೪೦ ಕೂಡಿ ೬೦. ಮೂರರಿಂದ ಭಾಗಿಸಿದರೆ ೨೦. ಆದರೆ ಈ ಎರಡರಲ್ಲಿಯೂ ಲೈಸೀನ್ ಎಂಬ ಅವಶ್ಯಕ ಅಂಶ ಕಡಿಮೆ. ಅದನ್ನು ಗೆದ್ದಲು, ಹುಳು, ಮೀನಿನ ಪುಡಿಗಳು ತುಂಬಿಕೊಡುತ್ತವೆ. ಬೂಸಲು ಹಿಡಿದ ಹಿಂಡಿಯನ್ನು ಮಾತ್ರ ಎಂದಿಗೂ ಹಾಕಬಾರದು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಅದಕ್ಕೆ ಕಾರಣ ಬೂಸಲು ಹಿಡಿದ ಶೇಂಗಾ ಹಿಂಡಿಯೆಂದು ತಿಳಿದುಬಂತು. ಅಫ್ಲಟಾಕ್ಸಿನ್ ಎಂಬ ವಿಷದ ಪತ್ತೆಯಾದದ್ದು ಹೀಗೆ.

ಹಿಂಡನ್ನೇ ಅಳಿಸುವ ರೋಗ

ಹಿತ್ತಿಲ ಕೋಳಿಗಳ ಮಹಾಶತ್ರು ರಾಣಿಖೇತ್ ರೋಗ; ನಮ್ಮಲ್ಲಿ ಇದನ್ನು ಕೊಕ್ಕರೆ ರೋಗವೆಂದೂ ಕರೆಯುತ್ತಾರೆ. ೧೯೨೦ರ ದಶಕದ ಕೊನೆಯಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ ಗುರುತಿಸಲ್ಪಟ್ಟುದರಿಂದ ಅದಕ್ಕೆ ಈ ಹೆಸರು. ಇದು ವೈರಸ್ಸಿನಿಂದ ಬರುವ ವ್ಯಾಧಿ. ಬಂದ ಮೇಲೆ ಔಷಧವಿಲ್ಲ, ಬರುವ ಮೊದಲು ಲಸಿಕೆಯಿದೆ. ಐದರಿಂದ ಏಳನೆಯ ದಿನದೊಳಗೆ ಲಸೋಟಾ ಅಥವಾ ಎಫ್-೧ ಲಸಿಕೆಯ ಹನಿಯನ್ನು ಕಣ್ಣಿಗೋ ಮೂಗಿಗೋ ಹಾಕಿಸಬೇಕು. ಆರರಿಂದ ಎಂಟನೆಯ ವಾರದಲ್ಲಿ ಆರ್೨ಬಿ ಚುಚ್ಚುಮದ್ದನ್ನು ಕೊಡಿಸಬೇಕು. ಇಲ್ಲಿಯೂ ಉಷ್ಣತೆಯ ಪಾಠ ಮರಳಿ ಬರುತ್ತದೆ. ಬಿಸಿಲಿನಲ್ಲಿ ಹಿಡಿದು ತಂದ ಲಸಿಕೆ ಸತ್ತ ಲಸಿಕೆ. ಅದನ್ನು ಮಂಜುಗಡ್ಡೆಯಲ್ಲಿಯೇ ತರಬೇಕು. ಒಂದು ಸೀಸೆಯಲ್ಲಿ ಅನೇಕ ಕೋಳಿಗಳಿಗಾಗುವಷ್ಟು ಲಸಿಕೆಯಿರುವುದರಿಂದ ನೆರೆಹೊರೆಯವರು ಕೂಡಿ ಪಶು ಆಸ್ಪತ್ರೆಯಲ್ಲಿ ಒಂದೇ ದಿನ ಹಾಕಿಸಿಕೊಳ್ಳುವುದು ಲಾಭಕರ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಕಾವಿಗಿಡುವ ಪ್ರತಿಯೊಂದು ತತ್ತಿಯ ಮೇಲೆ ಪೆನ್ಸಿಲಿನಿಂದ ಅಂಕಿಯನ್ನು ಬರೆದು, ಶಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿ ಬರೆದಿಡಿರಿ. ೭, ೧೪ ಮತ್ತು ೧೮ನೆಯ ದಿನಗಳಲ್ಲಿ ಪುನಃ ತೂಗಿರಿ. ೪೫ ಗ್ರಾಂ ತೂಕದ ನಾಟಿ ತತ್ತಿಯು ದಿನಕ್ಕೆ ಸುಮಾರು ೦.೩ ಗ್ರಾಮಿನಂತೆ ಇಳಿದು, ಹದಿನೆಂಟನೆಯ ದಿನ ೩೯.೬ ಗ್ರಾಮಿನ ಸಮೀಪದಲ್ಲಿರಬೇಕು. ಇದಕ್ಕಿಂತ ಬಹಳ ಕೆಳಗಿಳಿದಿದ್ದರೆ ಗಾಳಿ ಒಣಗಿದೆಯೆಂದು ತಿಳಿದು ನೆಲಕ್ಕೆ ಇನ್ನಷ್ಟು ನೀರು ಚಿಮುಕಿಸಿರಿ. ಅದರ ಪಕ್ಕದಲ್ಲಿ ಕೋಣೆಯ ಬೆಳಗಿನ ಮತ್ತು ಮಧ್ಯಾಹ್ನದ ಉಷ್ಣತೆಯನ್ನೂ ಬರೆಯಿರಿ. ಒಂದು ಸಲ ಚಳಿಗಾಲದಲ್ಲಿಯೂ, ಮತ್ತೊಂದು ಸಲ ಬೇಸಗೆಯಲ್ಲಿಯೂ ಹೀಗೆ ಮಾಡಿ ಎರಡು ಪಟ್ಟಿಗಳನ್ನು ಹೋಲಿಸಿ ನೋಡಿದರೆ, ಒಡೆಯದೆ ಉಳಿದ ತತ್ತಿಗಳು ಏಕೆ ಉಳಿದುವೆಂಬ ಪ್ರಶ್ನೆಗೆ ನಿಮ್ಮ ಊರಿನ ಉತ್ತರವು ನಿಮ್ಮ ಕೈಬರಹದಲ್ಲಿಯೇ ದೊರೆಯುವುದು.