ಹೆಗಲಿನ ತಗ್ಗು

ಪ್ರಶ್ನೆ: ನನಗೆ 38 ವರ್ಷ, ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ. ಸ್ತನಗಳ ಭಾರದಿಂದ ಕತ್ತು, ಹೆಗಲು, ಬೆನ್ನು ಸದಾ ನೋಯುತ್ತವೆ. ಬೇಸಿಗೆಯಲ್ಲಿ ಕೆಳಗಿನ ಮಡಿಕೆ ಬೆವರಿ ಹುಣ್ಣಾಗುತ್ತದೆ. ಶಸ್ತ್ರಕ್ರಿಯೆ ಮಾಡಿಸಿಕೊಳ್ಳುತ್ತೇನೆಂದರೆ ನಮ್ಮ ಅತ್ತೆಯವರು ‘ಚೆಲುವಿನ ಹುಚ್ಚು’ ಎನ್ನುತ್ತಾರೆ. ಯಾವ ವಿಧಾನ ಒಳ್ಳೆಯದು? ಕಲೆ ಉಳಿಯುವುದೆ? ತೊಟ್ಟಿನ ಸ್ಪರ್ಶ ಹೋಗಿಬಿಡುವುದೆ?

ಉತ್ತರ: ಸೋದರಿ, ಅತ್ತೆಯವರಿಗೆ ಒಮ್ಮೆ ತಮ್ಮ ಹೆಗಲನ್ನು ತೋರಿಸಿರಿ. ಒಳಉಡುಪಿನ ಪಟ್ಟಿಯು ವರ್ಷಾನುಗಟ್ಟಲೆ ಒತ್ತಿ, ಸೇದುವ ಬಾವಿಯ ಕಲ್ಲನ್ನು ಹಗ್ಗ ಸವೆಸುವಂತೆ, ಅಲ್ಲೊಂದು ತಗ್ಗನ್ನು ಮಾಡಿರುತ್ತದೆ. ಚೆಲುವಿನ ಹುಚ್ಚಿಗೆ ಅಂಥ ಶಕ್ತಿಯಿಲ್ಲ.

ಇನ್ನು ವಿಧಾನದ ಮಾತು. ಸ್ತನದ ಅಂಗಾಂಶವನ್ನೂ ಚರ್ಮವನ್ನೂ ಕಡಿಮೆ ಮಾಡಿ, ಕೆಳಗೆ ಜೋತ ತೊಟ್ಟನ್ನು ಮೇಲಕ್ಕೇರಿಸಬೇಕು, ಆದರೆ ಹಾಗೆ ಏರಿಸುವಾಗ ಅದಕ್ಕೆ ಹರಿವ ರಕ್ತವು ನಿಲ್ಲಕೂಡದು ಎಂಬ ಒಂದೇ ಸಮಸ್ಯೆಯ ಸುತ್ತ ಈ ವಿದ್ಯೆಯ ಚರಿತ್ರೆಯೆಲ್ಲ ಬೆಳೆದಿದೆ. 1922ರಲ್ಲಿ ಶಿಕಾಗೋದ ಥೋರೆಕ್ ಎಂಬ ವೈದ್ಯರು ತೊಟ್ಟನ್ನು ಪೂರ್ತಿ ಬಿಡಿಸಿ ಹೊಸ ಸ್ಥಾನದಲ್ಲಿ ಕಸಿಮಾಡುವ ಕ್ರಮವನ್ನು ವರ್ಣಿಸಿದರು; ಸ್ಪರ್ಶವೂ ಹಾಲೂಡುವ ಶಕ್ತಿಯೂ ಬಹುಮಟ್ಟಿಗೆ ಅದರಲ್ಲಿ ನಷ್ಟವಾಗುವುದರಿಂದ ಇಂದು ಅತಿ ಭಾರವಾದ ಸ್ತನಗಳಿಗೆ ಮಾತ್ರ ಅದನ್ನು ಮೀಸಲಿಡುತ್ತೇವೆ. ಉಳಿದವರಲ್ಲಿ ರಕ್ತನಾಳಗಳನ್ನೂ ನರಗಳನ್ನೂ ಒಳಗೊಂಡ ಅಂಗಾಂಶದ ಒಂದು ಸೇತುವೆಯ ಮೇಲೆ ತೊಟ್ಟನ್ನು ಉಳಿಸಿಕೊಂಡೇ ಮೇಲೆತ್ತುವುದು ರೂಢಿ. ‘ಪೆಡಿಕಲ್’ ಎಂಬ ಈ ಸೇತುವೆ ಕೆಳಗಿನಿಂದ ಬರಬಹುದು, ಮೇಲಿನಿಂದ ಬರಬಹುದು, ಎದೆಯ ನಡುಗಡೆಯಿಂದಲೂ ಬರಬಹುದು. ತಮ್ಮ ವೈದ್ಯರನ್ನು ಕಲೆಯ ವಿಚಾರ ಕೇಳುವ ಮುನ್ನ ಸೇತುವೆ ಯಾವ ಕಡೆಯದೆಂಬುದನ್ನು ಕೇಳಿರಿ.

ಕಲೆಯ ಆಕಾರವು ಚರ್ಮವನ್ನು ಕತ್ತರಿಸುವ ನಕ್ಷೆಯನ್ನು ಅವಲಂಬಿಸಿದೆ. 1956ರಲ್ಲಿ ರಾಬರ್ಟ್ ವೈಸ್ ರೂಪಿಸಿದ ನಕ್ಷೆಯಲ್ಲಿ ತೊಟ್ಟಿನ ಕಪ್ಪು ವರ್ತುಲದ ಸುತ್ತ ಒಂದು, ಅಲ್ಲಿಂದ ಕೆಳಕ್ಕೊಂದು, ಮಡಿಕೆಯುದ್ದಕ್ಕೊಂದು, ಹೀಗೆ ಮೂರು ಗೆರೆಗಳು ಕೂಡಿ ಹಡಗಿನ ಲಂಗರಿನಂತೆ ಕಾಣುತ್ತವೆ. ಫ್ರಾನ್ಸಿನ ಲಾಸೂಸ್, ಬೆಲ್ಜಿಯಮ್ಮಿನ ಲೆಜೂರ್, ಕೆನಡಾದ ಹಾಲ್-ಫಿಂಡ್ಲೆ ಇವರು ಬೆಳೆಸಿದ ಲಂಬ ವಿಧಾನದಲ್ಲಿ ಮಡಿಕೆಯ ಗೆರೆ ತಪ್ಪಿ, ಹಿಡಿಯಿರುವ ಬೀಸಣಿಗೆಯಷ್ಟೇ ಉಳಿಯುತ್ತದೆ; ಆದರೆ ಕೆಳಭಾಗದ ಸುಕ್ಕು ಸರಿಹೋಗಲು ಕೆಲವು ತಿಂಗಳು ಕಾಯಬೇಕು. ಭಾರ ಹೆಚ್ಚಿದ್ದಲ್ಲಿ ನಾನು ಲಂಗರನ್ನೇ ನಂಬುತ್ತೇನೆ. ಕೊಬ್ಬನ್ನು ಹೀರಿ ತೆಗೆಯುವುದೊಂದರಿಂದಲೇ ಜೋತ ಸ್ತನ ಮೇಲೇರದು.

ಶಸ್ತ್ರಕ್ರಿಯೆಗೆ ಮುನ್ನ ತಮ್ಮನ್ನು ನೆಟ್ಟಗೆ ನಿಲ್ಲಿಸಿ, ದರ್ಜಿಯು ಸೀಮೆಸುಣ್ಣದಲ್ಲಿ ಬಟ್ಟೆಗೆ ಗುರುತು ಹಾಕುವಂತೆ ಶಾಯಿಯಿಂದ ಗೆರೆಯೆಳೆಯುವರು. ಮಲಗಿದೊಡನೆ ಸ್ತನವು ಪಕ್ಕಕ್ಕೆ ಜಾರುವುದರಿಂದ ಈ ಕೆಲಸ ನಿಂತಾಗಲೇ ಆಗಬೇಕು. ಹೊಸ ತೊಟ್ಟಿನ ಸ್ಥಾನವನ್ನು ಸಾಮಾನ್ಯವಾಗಿ ಸ್ತನದ ಕೆಳಮಡಿಕೆಯ ಮಟ್ಟಕ್ಕೆ ಗೊತ್ತುಮಾಡುತ್ತಾರೆ. ತೆಗೆದ ಅಂಗಾಂಶವನ್ನು ಪ್ರಯೋಗಶಾಲೆಗೆ ಕಳುಹಿಸುವುದು ಕ್ರಮ, ಏಕೆಂದರೆ ಅಪರೂಪಕ್ಕೆ ಅದರಲ್ಲಿ ಅಡಗಿದ ಅರ್ಬುದವು ಸಿಕ್ಕುವುದುಂಟು.

ಫಲಿತಾಂಶದ ವಿಷಯದಲ್ಲಿ ನಾನು ಧಾರಾಳವಾಗಿ ಮಾತಾಡಬಲ್ಲೆ: ಕತ್ತು ಹೆಗಲುಗಳ ನೋವು ಹೆಚ್ಚಿನವರಲ್ಲಿ ಬಹಳವಾಗಿ ಇಳಿಯುತ್ತದೆ, ಮಡಿಕೆಯ ಹುಣ್ಣೂ ಮಾಯುತ್ತದೆ. ತೊಟ್ಟಿನ ಸ್ಪರ್ಶ ಆರಂಭದಲ್ಲಿ ಮಂಕಾಗಿ, ಅನೇಕರಲ್ಲಿ ತಿಂಗಳುಗಳ ಮೇಲೆ ಮರಳುತ್ತದೆ, ಕೆಲವರಲ್ಲಿ ಮರಳದು. ಮುಂದೆ ಮಗುವಿಗೆ ಹಾಲೂಡುವ ಇಚ್ಛೆಯಿದ್ದರೆ ಮೊದಲೇ ತಿಳಿಸಿರಿ, ಹಾಲು ಕಡಿಮೆಯಾಗಬಹುದು. ಲಂಗರಿನಲ್ಲಿ ಕೆಳಕ್ಕಿಳಿದ ಗೆರೆಯು ಮಡಿಕೆಯ ಗೆರೆಯನ್ನು ಕೂಡುವೆಡೆಯಲ್ಲಿ ಗಾಯ ಬಿಟ್ಟುಕೊಂಡು ನಿಧಾನವಾಗಿ ಮಾಯುವುದು ಸಾಮಾನ್ಯ ತೊಡಕು. ರಕ್ತ ಕಟ್ಟುವುದು, ಸೋಂಕು, ಕೊಬ್ಬು ಗಂಟುಗಟ್ಟುವುದು ಅದಕ್ಕಿಂತ ವಿರಳ. ತೊಟ್ಟೇ ಸಾಯುವ ದುರಂತ ಅತಿ ವಿರಳವಾದರೂ ತಂಬಾಕು ಬಳಸುವವರಲ್ಲಿ ಅದರ ಭಯ ಹೆಚ್ಚು. ತಂಬಾಕೆಂದರೆ ಗಂಡಸರ ಬೀಡಿಯೆಂದು ಹೆಂಗಸರು ನಗುತ್ತಾರೆ. ಆದರೆ ಊಟವಾದ ಮೇಲೆ ಎಲೆಅಡಿಕೆಯೊಡನೆ ಬಾಯಿಗಿಡುವ ಹೊಗೆಸೊಪ್ಪೂ ರಕ್ತನಾಳಗಳನ್ನು ಹಾಗೆಯೇ ಕುಗ್ಗಿಸುವುದರಿಂದ, ಕನಿಷ್ಠ 4 ವಾರ ಮುಂಚೆ ಅದನ್ನು ಬಿಟ್ಟಿರಬೇಕು.

ಕಲೆಯು ಕೆಲವು ತಿಂಗಳು ಕೆಂಪಗೆ ಉಬ್ಬಿದ್ದು ಒಂದೆರಡು ವರ್ಷಗಳಲ್ಲಿ ಮಾಸುತ್ತದೆ, ಅಳಿಯುವುದಿಲ್ಲ. ಕಿವಿ ಚುಚ್ಚಿಸಿದ ಕಡೆ ತಮಗೆ ಎಂದಾದರೂ ಗಂಟು ಬೆಳೆದಿದ್ದರೆ, ಈ ಕಲೆಯೂ ಹಾಗೆಯೇ ಗಂಟಾಗಬಹುದಾದ್ದರಿಂದ, ಅದನ್ನು ವೈದ್ಯರಿಗೆ ಮುಚ್ಚಿಡದೆ ತೋರಿಸಿರಿ.