ಯಾವುದು ಮೊದಲು?

ನಾನು ಟರ್ನರ್. ತಿರುವೊಟ್ಟಿಯೂರಿನ ಸಣ್ಣ ವರ್ಕ್‌ಶಾಪೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಲೇತ್ ಮುಂದೆ ನಿಂತಿದ್ದೇನೆ. ತುಮಕೂರಿನಲ್ಲಿ ಐಟಿಐ ಮುಗಿಸಿ, ಸೋದರಮಾವನ ಮಾತು ಕೇಳಿ ಮದರಾಸಿನ ರೈಲು ಹತ್ತಿದವನು ಇಲ್ಲೇ ಉಳಿದೆ. ಮಗಳು ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ.

ಮೆಕ್ಯಾನಿಕಲ್ ಎಂಜಿನಿಯರಿಂಗೇ ಓದುತ್ತೇನೆ ಎಂದು ಅವಳು ಹೇಳಿದಾಗ ನೆಂಟರೆಲ್ಲ ಹುಬ್ಬೇರಿಸಿದರು. ಎಲ್ಲರ ಮಕ್ಕಳೂ ಕಂಪ್ಯೂಟರ್ ಸೈನ್ಸ್‌ಗೆ ಮುಗಿಬೀಳುವಾಗ ಇದೇನು ಅಂತ. ನನಗೆ ಮಾತ್ರ ಆಶ್ಚರ್ಯವಾಗಲಿಲ್ಲ. ಇವತ್ತಿನ ಎಂಆರ್‌ಎಫ್ 1946ರಲ್ಲಿ ಆಟದ ಬಲೂನು ಮಾಡುವ ಶೆಡ್ಡಾಗಿ ಶುರುವಾದದ್ದು ತಿರುವೊಟ್ಟಿಯೂರಿನಲ್ಲಿ. ಬುಲೆಟ್ ಬೈಕಿನ ಎನ್‌ಫೀಲ್ಡ್ ಬೆಳೆದದ್ದೂ ಇಲ್ಲೇ. ಪಕ್ಕದ ಎಣ್ಣೂರಿನಲ್ಲಿ ಅಶೋಕ್ ಲೇಲ್ಯಾಂಡ್. ಬೆಂಕಿಪೊಟ್ಟಣದ ವಿಮ್ಕೋ ಹೆಸರು ಈಗ ಮೆಟ್ರೋ ನಿಲ್ದಾಣದಲ್ಲಿ ಉಳಿದಿದೆ. ಅಪ್ಪನ ಅಂಗಿಗೆ ಕೂಲಂಟ್ ವಾಸನೆ ಇರುವುದು ಸಹಜ ಎಂದುಕೊಂಡು ಬೆಳೆದ ಹುಡುಗಿ ಅವಳು.

2023ರಲ್ಲಿ ಅವಳದು ಹನ್ನೆರಡನೆಯ ತರಗತಿ. ಎರಡು ಕಡೆ ಅರ್ಜಿ ಹಾಕೋಣ ಎಂದು ತೀರ್ಮಾನಿಸಿದೆವು: ತಮಿಳುನಾಡಿನ ಕೌನ್ಸೆಲಿಂಗ್ ಮತ್ತು ಕರ್ನಾಟಕದ ಸಿಇಟಿ. ಅಂಕ ಬಂದರೆ ಸೀಟು ಬರುತ್ತದೆ, ಅರ್ಜಿ ಏನು ಮಹಾ ಎಂಬುದು ನನ್ನ ಲೆಕ್ಕ. ಅದು ತಪ್ಪಾಯಿತು. ಯಾವ ಯಾವ ಕಡೆ ತಪ್ಪಾಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ಮೊದಲನೆಯದು ಹೆಸರು. ತಮಿಳುನಾಡಿನ ಶಾಲೆಗಳಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಮಗುವಿನ ಹೆಸರಿನ ಮುಂದೆ ಬರುತ್ತದೆ. ಮಗಳ ಅಂಕಪಟ್ಟಿಯಲ್ಲಿ ಹಾಗೇ ಇತ್ತು. ಆಧಾರ್ ಮಾಡಿಸುವಾಗ ನಾನು ಅಭಿಮಾನದಿಂದ ನಮ್ಮೂರಿನ ಹೆಸರನ್ನು ಅವಳ ಹೆಸರಿನ ಹಿಂದೆ ಸೇರಿಸಿದ್ದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ನನ್ನ ಪೂರ್ತಿ ಹೆಸರು ಹಿಂದಕ್ಕೆ ಬಂದಿತ್ತು. ಒಬ್ಬಳೇ ಹುಡುಗಿ, ಕಾಗದದಲ್ಲಿ ಮೂವರು! ಅರ್ಜಿ ತುಂಬಲು ಕೂತ ದಿನ ಇದು ಗೊತ್ತಾಯಿತು. ತಿದ್ದಿಸಲು ಇ-ಸೇವೈ ಕೇಂದ್ರಕ್ಕೆ ನಾಲ್ಕು ಸಲ ಅಲೆದೆ, ಎರಡು ದಿನದ ಸಂಬಳ ಹೋಯಿತು. ಇದರಲ್ಲಿ ಯಾರದೂ ತಪ್ಪಿಲ್ಲ, ನನ್ನದೇ.

ಎರಡನೆಯದು, ನಾವು ಯಾವ ಊರಿನವರು ಎಂಬ ಪ್ರಶ್ನೆ. ಎಂಟರಿಂದ ಹನ್ನೆರಡನೆಯ ತರಗತಿವರೆಗೆ ತಮಿಳುನಾಡಿನಲ್ಲೇ ಓದಿದವರಿಗೆ ಇಲ್ಲಿನ ಕೌನ್ಸೆಲಿಂಗ್‌ನಲ್ಲಿ ವಾಸಸ್ಥಳದ ಸರ್ಟಿಫಿಕೇಟು ಬೇಕಿಲ್ಲ. ಆದರೆ ಮೀಸಲಾತಿಯ ಮಾತು ಬೇರೆ. ನಮ್ಮ ಜಾತಿ ಸರ್ಟಿಫಿಕೇಟು ಕರ್ನಾಟಕದ್ದು, ಇಲ್ಲಿ ಅದು ನಡೆಯುವುದಿಲ್ಲ. ತಮಿಳುನಾಡಿನಲ್ಲಿ ಮೀಸಲಾತಿ ಶೇ. 69. ಮಿಕ್ಕ ಶೇ. 31ರಲ್ಲಿ ಎಲ್ಲರ ಜೊತೆ ನಿಲ್ಲಬೇಕು. ಇದನ್ನು ಮೊದಲೇ ತಿಳಿದುಕೊಂಡಿದ್ದರೆ ಯಾವ ಕಾಲೇಜಿಗೆ ಆಸೆ ಪಡಬಹುದು ಎಂಬ ಅಂದಾಜಾದರೂ ಸರಿಯಾಗಿರುತ್ತಿತ್ತು.

ಇಲ್ಲಿ ಪ್ರವೇಶ ಪರೀಕ್ಷೆ ಇಲ್ಲ. ಗಣಿತಕ್ಕೆ 100, ಭೌತಶಾಸ್ತ್ರಕ್ಕೆ 50, ರಸಾಯನಶಾಸ್ತ್ರಕ್ಕೆ 50, ಒಟ್ಟು 200ಕ್ಕೆ ಬರುವ ಅಂಕವನ್ನೇ ಇಲ್ಲಿ ಕಟ್‌ಆಫ್ ಎನ್ನುತ್ತಾರೆ. ಮೇ 8ಕ್ಕೆ ಹನ್ನೆರಡನೆಯ ತರಗತಿಯ ಫಲಿತಾಂಶ ಬಂತು. ಮಗಳಿಗೆ ಗಣಿತ 94, ಭೌತಶಾಸ್ತ್ರ 91, ರಸಾಯನ 88. ಕೊನೆಯ ಎರಡನ್ನು ಅರ್ಧ ಮಾಡಿ ಕೂಡಿಸಿದರೆ 183.5. ಕರ್ನಾಟಕದಲ್ಲಿ ಹಾಗಲ್ಲ. ಅಲ್ಲಿ ಸಿಇಟಿ ಅಂಕ ಅರ್ಧ, ಹನ್ನೆರಡನೆಯ ತರಗತಿಯ ಅಂಕ ಅರ್ಧ. ಹೊರ ರಾಜ್ಯದ ಬೋರ್ಡಿನಲ್ಲಿ ಓದಿದವರು ತಮ್ಮ ಅಂಕಗಳನ್ನು ತಾವೇ ಪರೀಕ್ಷಾ ಪ್ರಾಧಿಕಾರದ ಪೋರ್ಟಲ್‌ನಲ್ಲಿ ತುಂಬಬೇಕು. ಮರೆತರೆ ರ‍್ಯಾಂಕೇ ಬರುವುದಿಲ್ಲ.

ಸಿಇಟಿಯಲ್ಲಿ ನಮ್ಮಂಥವರಿಗೆ ಇನ್ನೊಂದು ಬಾಗಿಲಿದೆ: ಹೊರನಾಡು ಕನ್ನಡಿಗರು. ಆ ಬಾಗಿಲಿಗೆ ಕನ್ನಡ ಭಾಷಾ ಪರೀಕ್ಷೆಯೇ ಕೀಲಿ. ನಾಲ್ಕನೆಯ ತರಗತಿಯ ಮಟ್ಟ, 50 ಅಂಕ, 12 ಬಂದರೆ ಪಾಸು. ಕೇಳಿದ ಕೂಡಲೇ ನಕ್ಕುಬಿಟ್ಟೆ. ಮನೆಯಲ್ಲಿ ದಿನವಿಡೀ ಕನ್ನಡದಲ್ಲೇ ಜಗಳವಾಡುವವಳಿಗೆ ಇದೊಂದು ಪರೀಕ್ಷೆಯೇ?

ಮಗಳ ಕೈಗೆ ಪೆನ್ನು ಕೊಟ್ಟು 'ಅಕ್ಕ' ಬರೆಯಲು ಹೇಳಿದೆ. 'ಅಕ್‌ಕ' ಎಂದು ಬರೆದಳು. ತಮಿಳಿನಲ್ಲಿ ಒತ್ತಕ್ಷರವಿಲ್ಲ, ಅಕ್ಷರದ ಮೇಲೆ ಚುಕ್ಕಿ ಇಟ್ಟು ಮುಂದಿನದನ್ನು ಪಕ್ಕದಲ್ಲೇ ಬರೆಯುತ್ತಾರೆ. ಅವಳ ಕೈ ಅದಕ್ಕೇ ಪಳಗಿತ್ತು. ಮಹಾಪ್ರಾಣ ಕೇಳಲೇಬೇಡಿ: ಗಂಧ 'ಗಂದ'ವಾಯಿತು, ಭೂಮಿ 'ಬೂಮಿ'ಯಾಯಿತು. ನನ್ನ ಅಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. "ಮಾತು ಕಲಿಸಿದ್ದು ನಾನು, ಅಕ್ಷರ ಕಲಿಸೋದು ನಿನ್ನ ಕೆಲಸ ಆಗಿತ್ತು ಕಣೋ" ಅಂದಳು. ನನ್ನ ಬಾಯಿ ಕಟ್ಟಿತು.

ಮರುದಿನದಿಂದ ಅಮ್ಮನೇ ಮೇಷ್ಟ್ರು. ದಿನವೂ ಹರಿಯುವ ಕ್ಯಾಲೆಂಡರ್ ಹಾಳೆಯ ಹಿಂದೆ ಹತ್ತು ಪದ. ಮೇಲಿನ ಅಕ್ಷರ ಮೊದಲು, ಒತ್ತು ಆಮೇಲೆ, ಅದರ ಕೆಳಗೆ. ಮೇ 20, 21ಕ್ಕೆ ಸಿಇಟಿ, 22ಕ್ಕೆ ಕನ್ನಡ ಪರೀಕ್ಷೆ. ನಾನೂ ಮಗಳೂ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಭೌತಶಾಸ್ತ್ರಕ್ಕಿಂತ ಅವಳು ಹೆದರಿದ್ದು 22ಕ್ಕೆ. ಪಾಸಾದಳು.

ಇನ್ನು ನನ್ನ ದೊಡ್ಡ ತಪ್ಪು. ಆಪ್ಷನ್ ಎಂಟ್ರಿ ಎಂದರೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಒಂದರ ಕೆಳಗೊಂದು ಬರೆಯುವುದು. ಮಗಳಿಗೆ ಇದೆಲ್ಲ ಏನು ಗೊತ್ತು ಎಂದು ಪಾಸ್‌ವರ್ಡ್ ಇಸಿದುಕೊಂಡು ನಾನೇ ಕೂತೆ. ಖಂಡಿತ ಸಿಗುವುದನ್ನು ಮೇಲೆ ಹಾಕಿದೆ, ಒಳ್ಳೆಯದನ್ನು ಕೆಳಗೆ. ದೊಡ್ಡದಕ್ಕೆ ಕೈಚಾಚಿದರೆ ಸಣ್ಣದೂ ತಪ್ಪೀತು ಎಂಬ ಭಯ. ಪುಣ್ಯಕ್ಕೆ ಸಿಇಟಿಯಲ್ಲಿ ನಿಜವಾದ ಹಂಚಿಕೆಗೆ ಮೊದಲು ಅಣಕು ಹಂಚಿಕೆ ಇರುತ್ತದೆ. ಅದರಲ್ಲಿ ಮಗಳಿಗೆ ಬಂದದ್ದು ನನ್ನ ಪಟ್ಟಿಯ ಮೊದಲನೆಯದು, ಅವಳಿಗೆ ಎಲ್ಲಕ್ಕಿಂತ ಬೇಡವಾದದ್ದು.

"ಅಪ್ಪಾ, ಕಂಪ್ಯೂಟರ್ ಮೇಲಿನಿಂದ ಕೆಳಕ್ಕೆ ನೋಡುತ್ತೆ. ರ‍್ಯಾಂಕಿಗೆ ಸಿಗೋ ಮೊದಲನೇದಕ್ಕೆ ನಿಂತುಬಿಡುತ್ತೆ. ಕೆಳಗಿರೋದನ್ನ ಆಮೇಲೆ ಕಣ್ಣೆತ್ತಿ ನೋಡಲ್ಲ" ಎಂದಳು. "ನೀನು ಟ್ಯಾಪ್ ಹಾಕಿ ಆಮೇಲೆ ಡ್ರಿಲ್ ಮಾಡ್ತೀಯಾ?"

ನಾಚಿಕೆಯಾಯಿತು. ಲೇತಿನಲ್ಲಿ ಮುಖ ಸಮ ಮಾಡಿ, ಸೆಂಟರ್ ಹೊಡೆದು, ಡ್ರಿಲ್ ಹಾಕಿ, ಆಮೇಲೆ ತಾನೇ ಟ್ಯಾಪ್‌ನಿಂದ ತಿರುಪಿನ ಎಳೆ ಕತ್ತರಿಸುವುದು? ಸರದಿ ತಪ್ಪಿದರೆ ಜಾಬ್ ಗುಜರಿಗೆ. ಪ್ರತಿದಿನ ಹುಡುಗರಿಗೆ ಹೇಳಿಕೊಡುವ ಪಾಠ ನನ್ನ ಮಗಳ ಅರ್ಜಿಗೆ ನೆನಪಾಗಲಿಲ್ಲ. ಮೇಲೆ ಬರೆದದ್ದು ಸಿಗದಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ, ಕಂಪ್ಯೂಟರ್ ಮುಂದಿನ ಸಾಲಿಗೆ ಇಳಿಯುತ್ತದೆ, ಅಷ್ಟೇ. ಬೇಕಾದದ್ದನ್ನು ಕೆಳಗೆ ಬರೆದರೆ ಮಾತ್ರ ಅದು ಹೋದ ಹಾಗೆಯೇ.

ತಮಿಳುನಾಡಿನ ಪಟ್ಟಿ ಮಾಡುವಾಗ ನಾನು ಚಹಾ ಮಾಡಿಕೊಡುವುದಕ್ಕಷ್ಟೇ ಎದ್ದೆ. ಅಲ್ಲಿ ಎಷ್ಟು ಕಾಲೇಜು ಬೇಕಾದರೂ ಬರೆಯಬಹುದು. ಮಗಳು ಆಸೆಯ ಸರದಿಯಲ್ಲೇ ಬರೆದಳು, ಎಲ್ಲವೂ ಮೆಕ್ಯಾನಿಕಲ್. ತಾತ್ಕಾಲಿಕ ಹಂಚಿಕೆಯಲ್ಲಿ ಐದನೆಯದು ಬಂತು. ಒಪ್ಪುತ್ತೇನೆ, ಮೇಲಿನದು ಖಾಲಿಯಾದರೆ ಅಲ್ಲಿಗೆ ಹೋಗುತ್ತೇನೆ ಎಂಬ ಆಯ್ಕೆ ಕೊಟ್ಟಳು. ಮೂರನೆಯದು ಸಿಕ್ಕಿತು. ಕರ್ನಾಟಕದಲ್ಲೂ ಪಟ್ಟಿ ತಿದ್ದಿದ ಮೇಲೆ ಒಳ್ಳೆಯ ಸೀಟೇ ಬಂತು. ಹಾಸ್ಟೆಲ್ ಖರ್ಚು ಲೆಕ್ಕ ಹಾಕಿ, ಅದನ್ನು ಬಿಟ್ಟು ಇಲ್ಲೇ ಸೇರಿದಳು.

ಹಾಗಾದರೆ ಕನ್ನಡ ಕಲಿತದ್ದು ದಂಡವೇ ಎಂದು ನೆಂಟರೊಬ್ಬರು ಕೇಳಿದರು. ಊರಿನಿಂದ ಬರುವ ಮದುವೆ ಕರೆಯೋಲೆಗಳನ್ನು ಈಗ ಅಮ್ಮನಿಗೆ ಓದಿ ಹೇಳುವವಳು ಅವಳೇ.

ಹೊರನಾಡಿನಲ್ಲಿರುವ ಅಪ್ಪಂದಿರಿಗೆ ನಾನು ಹೇಳುವುದಿಷ್ಟು. ಮಗು ಎಂಟನೆಯ ತರಗತಿಯಲ್ಲಿದ್ದಾಗಲೇ ಆಧಾರ್ ಮತ್ತು ಶಾಲೆಯ ದಾಖಲೆಯನ್ನು ಪಕ್ಕಪಕ್ಕ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ನೋಡಿ. ದಿನಕ್ಕೆ ಹತ್ತು ಕನ್ನಡ ಪದ ಬರೆಸಿ. ಕಾಲೇಜಿನ ಪಟ್ಟಿ ಮಾಡುವ ದಿನ ಮಾತ್ರ ಪಾಸ್‌ವರ್ಡ್ ಮಗುವಿನ ಕೈಯಲ್ಲೇ ಇರಲಿ.